ಸೋನ್‌ಡಾಲ್‌ನಲ್ಲಿ ಮಧ್ಯಾಹ್ನದ ಊಟ

ಡಿರ್ಕ್ ಫಾನ್ ಅಸ್ವೆಗೆನ್ ತನ್ನ ಬಿಳಿ ಕಾರನ್ನು ರೈಲು ಹಳಿಯಾಚೆಯ ತಗಡಿನ ಮನೆಗಳ ಸಾಲಿಗೆ ತಂದು ನಿಲ್ಲಿಸಿದಾಗ ಸಬೀನಾ ಹಾರ್ಟ್‌ನಿಕ್ ಬೀದಿ ನಲ್ಲಿಯ ಹತ್ತಿರ ಮಗನ ಬಟ್ಟೆ ಒಗೆಯುತ್ತಿದ್ದಳು. ಕಾರಿನಿಂದ ಇಳಿದವನು ಮೊದಲು ಕೆಸರು ನೋಡಿದ. ಆಮೇಲೆ ತನ್ನ ಬೂಟು ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ.

"ಆಂಟಿ ಸಬೀನಾ!" ಎಂದ.

ಯಾರನ್ನು ಕರೆಯುತ್ತಿದ್ದಾನೆಂದು ಸಬೀನಾ ಹಿಂದೆ ತಿರುಗಿ ನೋಡಿದಳು. ಅವಳಿಗೆ ಅರವತ್ತು ದಾಟಿತ್ತು. ಹುಟ್ಟಿದ್ದು ಸೋನ್‌ಡಾಲ್ ದ್ರಾಕ್ಷಿತೋಟದಲ್ಲಿ, ಹನ್ನೆರಡನೇ ವಯಸ್ಸಿಗೆ ಕತ್ತರಿ ಹಿಡಿದದ್ದು ಅಲ್ಲಿ, ಸೊಂಟ ಹೋದದ್ದೂ ಅಲ್ಲಿ. ಅಷ್ಟು ವರ್ಷದಲ್ಲಿ ಆ ಮನೆತನದ ಯಾರ ಬಾಯಲ್ಲೂ ಅವಳು ಆಂಟಿ ಆಗಿರಲಿಲ್ಲ. ಡಿರ್ಕ್‌ನ ಅಪ್ಪ ದೊಡ್ಡ ಧಣಿ ಅವಳನ್ನು 'ಏಯ್' ಎನ್ನುತ್ತಿದ್ದ. ಬೆಳೆ ಚೆನ್ನಾಗಿ ಬಂದ ವರ್ಷ 'ಏಯ್ ಸಬೀನಾ'. ಈ ಡಿರ್ಕ್ ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಳ್ಳುವ ಕಾಲಕ್ಕೇ, ಆ ಚಡ್ಡಿ ಒಗೆಯುವವಳನ್ನು 'ಹುಡುಗಿ' ಎಂದು ಕರೆಯಲು ಕಲಿತಿದ್ದ.

"ಸೋನ್‌ಡಾಲ್‌ಗೆ ಮುನ್ನೂರು ವರ್ಷ ಆಯ್ತು ಆಂಟಿ. ಶನಿವಾರ ನಮ್ಮ ರೆಸ್ಟೋರೆಂಟಲ್ಲಿ ದೊಡ್ಡ ಊಟ. ಹೊರದೇಶದಿಂದ ವೈನ್ ಕೊಳ್ಳೋರು ಬರ್ತಾರೆ, ಪೇಪರ್‌ನೋರು ಬರ್ತಾರೆ. ನೀವು ನನ್ನ ಮೇಜಲ್ಲೇ ಕೂತ್ಕೋಬೇಕು. ನೀವಿಲ್ದೆ ಸೋನ್‌ಡಾಲ್ ಏನು ಹೇಳಿ? ನೀವು ನಮ್ಮ ಕುಟುಂಬ."

"ಕುಟುಂಬ," ಎಂದಳು ಸಬೀನಾ. ಪ್ಯಾಂಟು ಹಿಂಡಿದಳು. "ಕುಟುಂಬದೋರ ಮಂಚ, ಪಾತ್ರೆ ಎಲ್ಲ ನಿಮ್ಮಪ್ಪ ಟ್ರ್ಯಾಕ್ಟರಲ್ಲಿ ತುಂಬ್ಕೊಂಡು ಬಂದು ಟಾರು ರಸ್ತೆ ಮೇಲೆ ಸುರಿದ್ರಲ್ಲ, ಚಿಕ್ಕ ಧಣಿ."

"ಅದೆಲ್ಲ ಹಳೇ ಕಾಲ. ಅಪ್ಪಾನೂ ಈಗಿಲ್ಲ."

ಅವನಪ್ಪ ಇಲ್ಲದಿರುವುದು ನಿಜ. ಸಬೀನಾಳ ಗಂಡ ಇಸಾಕ್ ಕೂಡ ಇಲ್ಲ. ದೊಡ್ಡ ಧಣಿ ಆಸ್ಪತ್ರೆಯ ಬಿಳಿ ಹಾಸಿಗೆಯ ಮೇಲೆ ಸತ್ತ. ಇಸಾಕ್ ಸತ್ತದ್ದು ದ್ರಾಕ್ಷಿ ಗಾಡಿಯ ಚಕ್ರದಡಿ. ಮಧ್ಯಾಹ್ನದ ಡಾಪ್ ಕುಡಿದು ಗಾಡಿಯ ಹಿಂದೆ ನಡೆಯುತ್ತಿದ್ದ. ಕಾಲು ಜಾರಿತು. ಡಾಪ್ ಎಂದರೆ ಕೂಲಿಯ ಒಂದು ಭಾಗವಾಗಿ ಕೊಡುತ್ತಿದ್ದ ವೈನು. ಬೆಳಿಗ್ಗೆ ಎದ್ದ ಕೂಡಲೇ ಒಂದು ತಗಡಿನ ಲೋಟ, ತಿಂಡಿಯ ಹೊತ್ತಿಗೆ ಒಂದು, ಹೀಗೆ ಕತ್ತಲಾಗುವವರೆಗೆ. ಬಾಟಲಿಗೆ ತುಂಬಲು ಯೋಗ್ಯವಲ್ಲದ್ದನ್ನು ಆಳುಗಳಿಗೆ ತುಂಬುತ್ತಿದ್ದರು. ಸರ್ಕಾರ ಅದನ್ನು ನಿಲ್ಲಿಸಿ ಎಂದು ಎಷ್ಟೋ ವರ್ಷಗಳ ಹಿಂದೆಯೇ ಹೇಳಿತ್ತಂತೆ. ಸೋನ್‌ಡಾಲ್‌ನ ಬೆಟ್ಟ ದಾಟಿ ಬರಲು ಸರ್ಕಾರದ ಮಾತಿಗೆ ಬಹಳ ಕಾಲ ಹಿಡಿಯಿತು.

ಇಸಾಕ್‌ನನ್ನು ಮಣ್ಣು ಮಾಡಿದ ಮಾರನೆಯ ವಾರ ದೊಡ್ಡ ಧಣಿ ಬಾಗಿಲಿಗೆ ಬಂದಿದ್ದ. ಮನೆ ಗಂಡಾಳಿಗೆ ಕೊಟ್ಟದ್ದು, ಗಂಡಾಳು ಹೋದ, ಮನೆ ಬಿಡು ಎಂದಿದ್ದ. "ನಾನೂ ಆಳೇ ಅಲ್ವಾ ಧಣಿ?" ಎಂದು ಅವಳು ಕೇಳಿದ್ದಳು. ಅವನಿಗೆ ಅದು ತಮಾಷೆಯಾಗಿ ಕೇಳಿಸಿತ್ತು. ನಕ್ಕಿದ್ದ.

ಈಗ ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಬರ್ತೀನಿ. ಆದ್ರೆ ತೋಟದೊಳಗಿರೋ ನಮ್ಮೋರ ಗೋರಿಗಳ ಗೇಟಿನ ಬೀಗ ತೆಗೀಬೇಕು. ಇಸಾಕ್ ಅಲ್ಲವ್ನೆ. ನಮ್ಮಮ್ಮ ಅಲ್ಲವ್ಳೆ. ಭಾನುವಾರ ಭಾನುವಾರ ನಾವೆಲ್ಲ ಹೋಗಿ ಬರ್ಬೇಕು."

"ಊಟಕ್ಕೆ ಬನ್ನಿ ಆಂಟಿ. ಎಲ್ಲ ನೋಡೋಣ."

"ನೋಡೋಣ ಬೇಡ. ತೆಗೀತೀನಿ ಅನ್ನಿ."

"ತೆಗೀತೀನಿ," ಎಂದ ಡಿರ್ಕ್, ಬೂಟು ನೋಡಿಕೊಳ್ಳುತ್ತ. "ಮಗನ್ನೂ ಕರ್ಕೊಂಡು ಬನ್ನಿ. ಫೋಟೋಗೆ ಚೆನ್ನಾಗಿರುತ್ತೆ."

ಕಾರು ಹೋದ ಮೇಲೆ ಪಕ್ಕದ ಮನೆಯ ಮಿಯೆಟಾ ಹೊರಗೆ ಬಂದಳು. ತಗಡಿನ ಗೋಡೆಗೆ ಕಿವಿ ಹಚ್ಚಬೇಕಾದ ಅಗತ್ಯವೂ ಇರಲಿಲ್ಲ. ಆ ಸಾಲಿನಲ್ಲಿ ಒಬ್ಬರು ಕೆಮ್ಮಿದರೆ ಎಲ್ಲರಿಗೂ ಕೇಳುತ್ತದೆ. ಅವಳೂ ಸೋನ್‌ಡಾಲ್‌ನಿಂದ ಹೊರಬಿದ್ದವಳೇ. ಎಡಗಾಲ ಮೀನಖಂಡದಲ್ಲಿ ಒಂದು ಹಿಡಿ ಮಾಂಸ ಇರಲಿಲ್ಲ. ಹಿಂದೊಮ್ಮೆ ಹೂವು ಹಿಡಿದು ಗೋರಿಗಳ ಕಡೆ ಹೊರಟಾಗ ಅಸ್ವೆಗೆನ್‌ರ ನಾಯಿಗಳು ಕಿತ್ತುಕೊಂಡಿದ್ದವು.

"ಅವ್ನು ಯಾವನೇ ಬೀಗ ತೆಗಿಯೋಕೆ?" ಎಂದಳು ಮಿಯೆಟಾ. "ಸತ್ತೋರ ಹತ್ರ ಹೋಗೋಕೆ ನಮಗೆ ಕಾನೂನೇ ಇದೆ. ನನ್ನ ಮೊಮ್ಮಗಳು ಓದಿ ಹೇಳಿದ್ಲು."

"ಕಾನೂನೂ ಇದೆ, ನಾಯೀನೂ ಇದೆ. ನಿನ್ನ ಕಾಲು ಕಚ್ಚಿದ್ದು ಯಾವ್ದು?"

ಮಿಯೆಟಾ ಉಗಿದಳು. "ಹೋಗು ಹಂಗಾದ್ರೆ. ಹೊಟ್ಟೆ ತುಂಬ ತಿಂದು ಬಾ. ಅವರ ಮೇಜು ಮೇಲೆ ತೇಗು. ನನ್ನ ಹೆಸರಲ್ಲೂ ಒಂದು ತೇಗು."

ಶನಿವಾರ ಸಬೀನಾ ಚರ್ಚಿಗೆ ಹೋಗುವ ನೀಲಿ ಫ್ರಾಕು ಹಾಕಿಕೊಂಡಳು. ಮಗ ಆಬ್ರಾಮ್‌ನ ತಲೆ ಬಾಚಿದಳು. ಅವನಿಗೆ ಮೂವತ್ತು ದಾಟಿದೆ. ಭುಜ ಎತ್ತಿನಂತಿದೆ, ತಲೆ ಚಿಕ್ಕದು. ಕಣ್ಣು ಕಿರಿದು. ಮೇಲ್ದುಟಿ ತೆಳ್ಳಗೆ, ಸಪಾಟು. ಓದು ಹತ್ತಲಿಲ್ಲ, ಲೆಕ್ಕ ಹತ್ತಲಿಲ್ಲ. ಯಾರು ಏನು ಹೇಳಿದರೂ ನಗುತ್ತಾನೆ. ಕ್ಲಿನಿಕ್ಕಿನ ಡಾಕ್ಟರಮ್ಮ ಅವನ ಮುಖ ನೋಡಿದ್ದೇ ಸಾಕು, ಬೇರೆ ಪರೀಕ್ಷೆ ಬೇಡ ಎಂದಿದ್ದಳು. ತೋಟದ ಶಾಲೆಯಲ್ಲಿ ಅಂಥ ಮುಖದ ಮಕ್ಕಳು ಬೆಂಚು ತುಂಬ ಇದ್ದವು. ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು.

ಸೋನ್‌ಡಾಲ್‌ನ ಹೆಬ್ಬಾಗಿಲಲ್ಲಿ ಕಾವಲಿನವನು ಅವರಿಬ್ಬರನ್ನು ನೋಡಿ ಕೈಯನ್ನು ಹಿಂಭಾಗಕ್ಕೆ ತೋರಿಸಿದ. ಪಾತ್ರೆ ತೊಳೆಯುವವರ ಬಾಗಿಲು ಆ ಕಡೆ. "ನಾವು ಊಟಕ್ಕೆ ಬಂದಿರೋದು," ಎಂದಳು ಸಬೀನಾ. ಅವನು ನಕ್ಕ. ಅವನ ತಪ್ಪಲ್ಲ. ಅವನೂ ಹಳಿಯಾಚೆಯವನೇ, ಅವನಿಗೂ ಇಂಥದ್ದು ಕಂಡು ಗೊತ್ತಿರಲಿಲ್ಲ. ಫೋನು ಮಾಡಿದ, ಕಾದರು, ಬಿಸಿಲು ನೆತ್ತಿ ಸುಟ್ಟಿತು. ಕಾರುಗಳು ಅವರ ಮೇಲೆ ದೂಳು ಎಬ್ಬಿಸಿಕೊಂಡು ಒಳಗೆ ಹೋದವು. ಕೊನೆಗೆ ಮಿಯೆಟಾಳ ಮೊಮ್ಮಗಳು ಲೆಟೀಶಾ ಓಡಿ ಬಂದಳು. ಅವಳು ಅಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಳು. ಕಪ್ಪು ಉಡುಪು, ಬಿಳಿ ಏಪ್ರನ್ನು.

"ಬನ್ನಿ ದೊಡ್ಡಮ್ಮ. ಮುಂದುಗಡೆಯಿಂದ್ಲೇ ಬನ್ನಿ."

ಮುಂದುಗಡೆ ಎಂದರೆ ಸಬೀನಾಳ ಓಣಿ. ಆಳುಗಳ ಮನೆಗಳ ಸಾಲು ಹಾಗೇ ಇತ್ತು. ನಡುವಿನ ಗೋಡೆಗಳನ್ನು ಒಡೆದು, ಸುಣ್ಣ ಬಳಿದು, ಗಾಜು ಹಾಕಿ ರೆಸ್ಟೋರೆಂಟು ಮಾಡಿದ್ದರು. ಮನೆಗಳ ಮುಂದಿನ ಮಣ್ಣಿನ ಓಣಿಗೆ ಕಲ್ಲು ಹಾಸಿ ಮೇಜುಗಳನ್ನು ಇಟ್ಟಿದ್ದರು. ಓಣಿಯ ಆ ತುದಿಯಲ್ಲಿ ಪೈನ್ ಮರಗಳು, ಅದರಾಚೆ ಕಬ್ಬಿಣದ ಗೇಟು, ಅದರಾಚೆ ಗೋರಿಗಳು. ಸಾಲಿನ ಮೂರನೇ ಮನೆ ಅವಳದು. ಅವಳ ಕಿಟಕಿ ಅವಳಿಗೆ ಸಿಕ್ಕಿತು. ಮಂಚ ಹಾಕಿದ್ದ ಜಾಗದಲ್ಲಿ, ಆಬ್ರಾಮ್ ಹುಟ್ಟಿದ ಜಾಗದಲ್ಲಿ, ಅವಳಮ್ಮ ಕಣ್ಣು ಮುಚ್ಚಿದ ಜಾಗದಲ್ಲಿ, ಈಗ ಹೆಂಗಸರ ಕಕ್ಕಸು ಇತ್ತು. ಒಳಗೆ ಹೂವಿನ ವಾಸನೆಯ ಸೋಪು. ಅವರು ಅಲ್ಲಿದ್ದಾಗ ಇಡೀ ಸಾಲಿಗೆ ಒಂದೇ ಗುಂಡಿ ಕಕ್ಕಸು. ಈಗ ಬರೀ ಉಚ್ಚೆ ಹೊಯ್ಯಲು ಒಂದು ಮನೆಯಷ್ಟು ಜಾಗ.

"ನಾಯಿಗಳು ಎಲ್ಲಿ?" ಎಂದು ಕೇಳಿದಳು.

"ಊಟದ ಹೊತ್ತಲ್ಲಿ ಕಟ್ಟಾಕ್ತಾರೆ ದೊಡ್ಡಮ್ಮ. ಹೋದ್ವರ್ಷ ಒಬ್ಳು ಜರ್ಮನಿ ಹೆಂಗಸು ನಾಯಿ ನೋಡಿ ಕಿರುಚ್ಕೊಂಡ್ಲು. ಅವತ್ತಿಂದ."

"ನಿಮ್ಮಜ್ಜಿ ಅಷ್ಟು ಕಿರುಚ್ಕೊಂಡ್ಲಲ್ಲ. ಆಗ ಕಟ್ಟಲಿಲ್ಲ."

"ಅಜ್ಜಿ ಬಿಲ್ ಕೊಟ್ಟಿರ್ಲಿಲ್ವಲ್ಲ," ಎಂದಳು ಲೆಟೀಶಾ, ಮುಖ ಗಂಟು ಹಾಕದೆ.

ಡಿರ್ಕ್ ಎದ್ದು ಬಂದು ಸಬೀನಾಳ ಎರಡೂ ಕೈ ಹಿಡಿದುಕೊಂಡ. ಕ್ಯಾಮೆರಾದವನು ಫೋಟೋ ತಪ್ಪಿತು ಎಂದ. ಮತ್ತೆ ಹಿಡಿದುಕೊಂಡ. ಉದ್ದ ಮೇಜಿನ ನಡುವೆ ಅವಳನ್ನು ಕೂರಿಸಿದರು, ಪಕ್ಕದಲ್ಲಿ ಆಬ್ರಾಮ್. ಎದುರಿಗೆ ಹೊರದೇಶದವರು. ಹೆಚ್ಚಿನವರು ಇಂಗ್ಲಿಷಿನವರು. ಅವಳ ಭಾಷೆ ಅವರಿಗೆ ಬರದು, ಅವರದು ಅವಳಿಗೆ ಅಷ್ಟಕ್ಕಷ್ಟೆ. ಅವರು ಅವಳನ್ನು ನೋಡಿ ತಲೆ ಓರೆ ಮಾಡಿ ನಕ್ಕರು. ಮಗುವನ್ನೋ ಮುದಿನಾಯಿಯನ್ನೋ ನೋಡಿ ನಗುವ ಹಾಗೆ.

ಮೊದಲು ಕಪ್ಪು ಕಲ್ಲಿನ ಚಪ್ಪಡಿಯ ಮೇಲೆ ರೊಟ್ಟಿ ಬಂತು. ಕೆಂಡದ ಮೇಲೆ ಸುಟ್ಟ ರೊಟ್ಟಿ, ತೋಟದಾಳುಗಳು ದಿನಾ ಸುಟ್ಟುಕೊಳ್ಳುತ್ತಿದ್ದದ್ದೇ. ತಟ್ಟೆಗಳಿಗೆ ಬರ ಬಂದಿತ್ತೋ ಏನೋ. ಆಮೇಲೆ ಒಂದು ಕುಡಿಕೆಯಲ್ಲಿ ಕುರಿಯ ಬೋಟಿ. ಕುರಿ ಕಡಿದ ದಿನ ಮಾಂಸ ದೊಡ್ಡ ಮನೆಗೆ ಹೋಗಿ, ಬೋಟಿ, ಕಾಲು, ತಲೆ ಆಳುಗಳ ಸಾಲಿಗೆ ಬರುತ್ತಿತ್ತು. ಅದನ್ನು ತೊಳೆದು ತೊಳೆದು ಸಬೀನಾಳಿಗೆ ಉಗುರುಸುತ್ತಾಗಿತ್ತು. ಈಗ ಅದರ ಮೇಲೆ ನೊರೆ ಕೂರಿಸಿ, ನೊರೆಯ ಮೇಲೆ ಒಂದು ಹೂವು ಕೂರಿಸಿದ್ದರು. ಎದುರಿನ ಗಂಡಸು ಚಮಚದ ತುದಿಯಲ್ಲಿ ರುಚಿ ನೋಡಿ ಕಣ್ಣು ಮುಚ್ಚಿ ನರಳಿದ.

ಆಬ್ರಾಮ್ ಒಂದೇ ತುತ್ತಿಗೆ ಮುಗಿಸಿ ಕುಡಿಕೆಯ ತಳ ನೋಡಿದ. "ಅಮ್ಮಾ, ಊಟ ಯಾವಾಗ?"

"ಇದೇ ಊಟ ಕಣೋ."

"ಇವ್ರೂ ಬಡವರಾ?"

ಲೆಟೀಶಾ ಕೆಮ್ಮಿದಳು. ಸಬೀನಾ ಅವನ ಕೈಗೆ ತನ್ನ ರೊಟ್ಟಿಯನ್ನೂ ಕೊಟ್ಟಳು.

ಆಮೇಲೆ ಡಿರ್ಕ್ ಎದ್ದು ನಿಂತು ಮಾತು ಶುರು ಮಾಡಿದ. ಹಡಗಿನಲ್ಲಿ ಬಂದ ಮುತ್ತಾತ, ಬರಿಗೈಯಲ್ಲಿ ಕಲ್ಲು ಎತ್ತಿದ್ದು, ಬೆವರು, ದೇವರು. ಸಬೀನಾ ಮೊದಮೊದಲು ಕೇಳಿದಳು, ಆಮೇಲೆ ಬಿಟ್ಟಳು. ತನ್ನ ಆಯುಸ್ಸಿನಲ್ಲಿ ಒಬ್ಬ ಅಸ್ವೆಗೆನ್ ಬೆವರಿದ್ದನ್ನು ಅವಳು ಕಂಡದ್ದು ಎರಡು ಸಲ. ಎರಡೂ ಸಲ ಜ್ವರಕ್ಕೆ.

ಅವನು ಕೈ ತಟ್ಟಿದ. ಹುಡುಗಿಯರು ಸಾಲಾಗಿ ತಟ್ಟೆ ಹಿಡಿದು ಬಂದರು. ತಟ್ಟೆಗಳಲ್ಲಿ ತಗಡಿನ ಲೋಟಗಳು. ಲೋಟಗಳ ತುಂಬ ಕೆಂಪು ವೈನು.

ಹೊಸ ಲೋಟಗಳು. ಎಲ್ಲಿಯೋ ಹೇಳಿ ಮಾಡಿಸಿದ್ದು. ಹಳೆಯದಾಗಿ ಕಾಣಲೆಂದು ಸುತ್ತಿಗೆಯಿಂದ ನೆಗ್ಗಿಸಿದ್ದರು. ಅಂಚಿಗೆ ತುಕ್ಕಿನ ಬಣ್ಣ ಬಳಿದಿದ್ದರು.

"ನಮ್ಮ ಹಿರಿಯರು ತಮ್ಮ ಆಳುಗಳ ಜೊತೆ ಹೀಗೇ ವೈನು ಹಂಚಿಕೊಳ್ತಿದ್ರು," ಎಂದ ಡಿರ್ಕ್, ಇಂಗ್ಲಿಷಿನಲ್ಲಿ. ಅಷ್ಟು ಇಂಗ್ಲಿಷು ಸಬೀನಾಳಿಗೂ ತಿಳಿಯುತ್ತಿತ್ತು. "ಇದೇ ಲೋಟದಲ್ಲಿ, ಇದೇ ಮನೆಗಳ ಮುಂದೆ, ಹಾಡ್ತಾ ಕುಣೀತಾ. ಇವತ್ತು ನಮ್ಮ ಸಬೀನಾ ಆಂಟಿ ಮೊದಲ ಗುಟುಕು ಕುಡೀತಾರೆ."

ಆಹಾ ಎಂದರು ಎಲ್ಲರೂ. ಲೆಟೀಶಾ ಲೋಟವನ್ನು ಸಬೀನಾಳ ಮುಂದೆ ಇಟ್ಟಳು. ಒಂದಿಷ್ಟು ಮೇಜಿನ ಬಿಳಿ ಬಟ್ಟೆಯ ಮೇಲೆ ಚೆಲ್ಲಿತು. ಆಬ್ರಾಮ್‌ನ ಮುಂದೆ ಇಡಬೇಕಾದ ಲೋಟವನ್ನು ಅವಳು ತಟ್ಟೆಯಲ್ಲೇ ಬಿಟ್ಟಳು. ಡಿರ್ಕ್ ಅದನ್ನು ತಾನೇ ಎತ್ತಿ ಆಬ್ರಾಮ್‌ನ ಕೈಗೆ ಕೊಟ್ಟ.

ಸಬೀನಾಳ ಮೂಗಿಗೆ ವಾಸನೆ ಬಡಿಯಿತು. ಕೊಯ್ಲಿನ ತಿಂಗಳು. ಹೊಟ್ಟೆಯಲ್ಲಿ ಆಬ್ರಾಮ್. ಬೆನ್ನ ಮೇಲೆ ದ್ರಾಕ್ಷಿ ಬುಟ್ಟಿ. ಮೇಸ್ತ್ರಿ ಬಕೆಟ್ಟು ಹಿಡಿದು ಸಾಲುಗಳ ನಡುವೆ ಬರುತ್ತಿದ್ದ. ಅನ್ನ ತರುತ್ತಿರಲಿಲ್ಲ, ನೀರು ತರುತ್ತಿರಲಿಲ್ಲ. ಬಕೆಟ್ಟಿನಲ್ಲಿ ಲೋಟ ಅದ್ದಿ ಮುಖದ ಮುಂದೆ ಹಿಡಿಯುತ್ತಿದ್ದ. ಕುಡಿದರೆ ಹಸಿವು ಸುಮ್ಮನಿರುತ್ತಿತ್ತು, ಸೊಂಟ ಸುಮ್ಮನಿರುತ್ತಿತ್ತು. ಕುಡಿಯದವಳಿಗೆ ಸಂಜೆಯ ಸಾಲು ಮುಗಿಯುತ್ತಿರಲಿಲ್ಲ. ಸಾಲು ಮುಗಿಯದಿದ್ದರೆ ಕೂಲಿ ಇಲ್ಲ. ಹೊಟ್ಟೆಯೊಳಗಿನದೂ ಕುಡಿಯುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ದೊಡ್ಡ ಮನೆಯ ಬಸುರಿಯರಿಗೆ ಮಾತ್ರ ಡಾಕ್ಟರು ಹೇಳುತ್ತಿದ್ದನಂತೆ.

ಆಬ್ರಾಮ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರೊಳಗಿನ ಕೆಂಪು ಹೊಳಪು ನೋಡಿ ನಕ್ಕ. ಹುಟ್ಟಿದಾಗಿನಿಂದ ಒಂದು ಹನಿ ಅವನ ಬಾಯಿಗೆ ಬೀಳದ ಹಾಗೆ ಅವಳು ಕಾದಿದ್ದಳು.

"ಕುಡೀಲಾ ಅಮ್ಮಾ?"

ಮೇಜಿನ ಸುತ್ತ ಚಪ್ಪಾಳೆ ಶುರುವಾಯಿತು. ಕುಡಿ, ಕುಡಿ ಎಂದು ತಾಳ ಹಾಕಿದರು. ಕ್ಯಾಮೆರಾದವನು ಮೊಣಕಾಲೂರಿದ. ಆಬ್ರಾಮ್‌ಗೆ ಚಪ್ಪಾಳೆ ಎಂದರೆ ಇಷ್ಟ. ಲೋಟ ಮೇಲೆತ್ತಿದ.

ಸಬೀನಾ ಅವನ ಕೈಯಿಂದ ಅದನ್ನು ತೆಗೆದುಕೊಂಡಳು.

"ಬೇಡ," ಎಂದಳು. "ಇವನು ಕುಡಿದಾಗಿದೆ. ಹುಟ್ಟೋಕ್ ಮುಂಚೇನೇ ಕುಡಿದವ್ನೆ. ನಿಮ್ಮ ಸೋನ್‌ಡಾಲ್‌ದೇ ವೈನು."

ಚಪ್ಪಾಳೆ ಒಂದೊಂದಾಗಿ ನಿಂತಿತು. ಏನೆಂದಳು, ಏನೆಂದಳು ಎಂದು ಹೊರದೇಶದವರು ಡಿರ್ಕ್‌ನ ಮುಖ ನೋಡಿದರು.

"ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಅಂತಿದಾರೆ," ಎಂದ ಡಿರ್ಕ್ ಇಂಗ್ಲಿಷಿನಲ್ಲಿ. ನಗುತ್ತಲೇ ಇದ್ದ. ಬಗ್ಗಿ ಅವಳ ಕಿವಿಯಲ್ಲಿ ತಮ್ಮಿಬ್ಬರ ಭಾಷೆಯಲ್ಲಿ ಹೇಳಿದ: "ಸುಮ್ನೆ ಕುಡಿ ಸಬೀನಾ. ಇಸಾಕ್‌ನ ಗೋರಿ ನೋಡೋ ಆಸೆ ಇದ್ರೆ ಲೋಟ ಎತ್ತು."

"ಈಗ ಸರಿಯಾಗಿ ಕರೆದ್ರಿ ನೋಡಿ. ಆಂಟಿ ಅಂದಾಗ ನನಗೆ ಭಯ ಆಗಿತ್ತು."

ಎದ್ದು ನಿಂತಳು. ಸೊಂಟ ಹಿಡಿದುಕೊಂಡಿತು, ಮೇಜಿಗೆ ಒಂದು ಕೈ ಊರಿದಳು.

"ಕೇಳಿ ಎಲ್ರೂ. ನಮ್ಮ ಮನೆಗಳ ಮುಂದೆ ಯಾರೂ ಕುಣೀಲಿಲ್ಲ. ಬಿದ್ರು. ನನ್ನ ಗಂಡ ಬಿದ್ದ, ಗಾಡಿ ಅವನ ಮೇಲೆ ಹೋಯ್ತು. ಈ ಲೋಟ ನಮ್ಮ ಕೂಲಿ. ನಮ್ಮ ತಿಂಡಿ. ನಮ್ಮ ಔಷಧಿ. ನನ್ನ ಮಗನ ತಲೆ ಒಳಗೆ ಇರೋದು ಇದೇ. ಹಂಚ್ಕೊಂಡ್ರಂತೆ! ನಿಮ್ಮಪ್ಪ ಈ ಲೋಟದಲ್ಲಿ ಯಾವತ್ತು ಕುಡಿದ, ಹೇಳಿ ಚಿಕ್ಕ ಧಣಿ? ನಿಮ್ಮಮ್ಮ ಬಸುರಿ ಇದ್ದಾಗ ಎಷ್ಟು ಸಲ ಕುಡಿದ್ಲು?"

"ಅವರಿಗೆ ಸ್ವಲ್ಪ ಸುಸ್ತಾಗಿದೆ. ಹಳೇ ದಿನಗಳ ನೆನಪು," ಎಂದ ಡಿರ್ಕ್ ಅತಿಥಿಗಳಿಗೆ.

"ಹಂಗಲ್ಲ ಅವರು ಹೇಳಿದ್ದು."

ಮಾತಾಡಿದವಳು ಲೆಟೀಶಾ. ಸಬೀನಾಳ ಕುರ್ಚಿಯ ಹಿಂದೆಯೇ ಖಾಲಿ ತಟ್ಟೆಯನ್ನು ಎದೆಗೆ ಅಪ್ಪಿಕೊಂಡು ನಿಂತಿದ್ದಳು. ದಿನಾ ಮಧ್ಯಾಹ್ನ ಅತಿಥಿಗಳಿಗೆ ಹಾಡು ಕುಣಿತದ ಆ ಕಥೆಯನ್ನು ಹೇಳುವ ಕೆಲಸ ಅವಳದೇ. ಬಾಯಿಪಾಠ ಮಾಡಿಸಿದ್ದರು. ಈಗ ಅದೇ ಇಂಗ್ಲಿಷಿನಲ್ಲಿ, ಅದೇ ಗಟ್ಟಿ ಸ್ಪಷ್ಟ ಧ್ವನಿಯಲ್ಲಿ ಸಬೀನಾಳ ಮಾತನ್ನು ಹೇಳಿದಳು. ಗಂಡನ ಮೇಲೆ ಹೋದ ಗಾಡಿಯನ್ನು ಬಿಡಲಿಲ್ಲ. ಮಗನ ತಲೆಯನ್ನು ಬಿಡಲಿಲ್ಲ. ಡಿರ್ಕ್‌ನ ಅಮ್ಮನನ್ನೂ ಬಿಡಲಿಲ್ಲ. ಕೊನೆಗೆ ಕಿವಿಯಲ್ಲಿ ಹೇಳಿದ ಗೋರಿಯ ಮಾತನ್ನೂ ಸೇರಿಸಿದಳು.

ಬೋಟಿ ತಿಂದು ನರಳಿದ್ದ ಗಂಡಸು ಲೋಟವನ್ನು ಕೆಳಗಿಟ್ಟ. ಇನ್ನೊಬ್ಬಳು ಗುಟುಕು ಬಾಯಲ್ಲೇ ಇಟ್ಟುಕೊಂಡು ಉಗಿಯಲೂ ಆಗದೆ ನುಂಗಲೂ ಆಗದೆ ಕೂತಳು. ಅವಳ ಪಕ್ಕದವನು ಮಾತ್ರ ಆರಾಮಾಗಿ ಪೂರ್ತಿ ಕುಡಿದು, ವೈನು ಒಳ್ಳೆಯದಿದೆ ಎಂದ.

ಸಬೀನಾ ಎರಡೂ ಲೋಟಗಳನ್ನು ಡಿರ್ಕ್‌ನ ಕುಡಿಕೆಗೆ ಸುರಿದಳು. ಕೆಂಪು ತುಂಬಿ ಅಂಚು ದಾಟಿ ಅವನ ಬೂಟಿನ ಮೇಲೆ ಇಳಿಯಿತು. "ಕುಡೀರಿ, ಬರೀ ಹೊಟ್ಟೇಲಿ," ಎಂದಳು. ಆಬ್ರಾಮ್‌ನ ಕೈ ಹಿಡಿದು ಓಣಿಯಲ್ಲಿ ನಡೆದಳು. ಆಬ್ರಾಮ್ ದಾರಿಯಲ್ಲಿ ಸಿಕ್ಕ ಮೇಜುಗಳ ಮೇಲಿನ ರೊಟ್ಟಿಗಳನ್ನೆಲ್ಲ ಜೇಬಿಗೆ ತುಂಬಿಕೊಂಡ. ಯಾರೂ ತಡೆಯಲಿಲ್ಲ.

ಲೆಟೀಶಾಳ ಕೆಲಸ ಸಂಜೆಯೊಳಗೆ ಹೋಯಿತು. ಗೋರಿಗಳ ಗೇಟಿಗೆ ಎರಡನೇ ಬೀಗ ಬಿತ್ತು. ವಾರದ ನಡುವೆ ಪೇಪರಿನಲ್ಲಿ ಫೋಟೋ ಬಂತು: ಮಗನ ಕೈಯಿಂದ ಲೋಟ ತೆಗೆದುಕೊಳ್ಳುತ್ತಿರುವ ಸಬೀನಾ. ಕೆಳಗೆ 'ಮೂರು ಶತಮಾನಗಳ ಸ್ನೇಹ' ಎಂದು ಬರೆದಿತ್ತು.

ಲೆಟೀಶಾ ಅದನ್ನು ನಲ್ಲಿಯ ಹತ್ತಿರ ಓದಿ ಹೇಳಿದಳು. ಹೆಂಗಸರು ಬಕೆಟ್ಟು ಕೆಳಗಿಟ್ಟು ಕೇಳಿದರು.

"ತೇಗಿದ್ಯೇನೇ?" ಎಂದಳು ಮಿಯೆಟಾ.

"ತೇಗೋಷ್ಟು ಹಾಕ್ಲಿಲ್ಲ ಕಣೆ."

ನಕ್ಕರು. ನಗು ಮುಗಿದ ಮೇಲೆ ಸಬೀನಾ ಹೇಳಿದಳು: "ನಾನು ದಡ್ಡಿ. ನನ್ನ ಗಂಡನ ಹತ್ರ ಹೋಗೋಕೆ ಅವ್ನ ಹತ್ರ ಅಪ್ಪಣೆ ಕೇಳಿದೆ. ಇನ್ ಕೇಳಲ್ಲ. ಊಟದ ಹೊತ್ತಲ್ಲಿ ನಾಯಿ ಕಟ್ಟಿರ್ತಾರಂತೆ. ಹಂಗಾದ್ರೆ ಊಟದ ಹೊತ್ತಿಗೇ ಹೋಗೋಣ."

ಭಾನುವಾರ ಚರ್ಚು ಬಿಟ್ಟ ಮೇಲೆ ಅವರು ಮನೆಗೆ ಹೋಗಲಿಲ್ಲ. ಸೋನ್‌ಡಾಲ್‌ನಿಂದ ಬೇರೆ ಬೇರೆ ವರ್ಷ ಹೊರಬಿದ್ದವರೆಲ್ಲ ಸೇರಿದರು. ಗುದ್ದಲಿ, ಬಕೆಟ್ಟು, ಪೊರಕೆ, ಡಬ್ಬಿಯಲ್ಲಿ ಹೂವು. ತಲೆಗೆ ಚರ್ಚಿನ ಹ್ಯಾಟು. ಹೆಬ್ಬಾಗಿಲ ಕಾವಲಿನವನು ಅಷ್ಟು ಜನವನ್ನು ನೋಡಿ, ಸಬೀನಾಳನ್ನು ನೋಡಿ, ತನ್ನ ಫೋನು ನೋಡಿ, ಅದನ್ನು ಜೇಬಿಗೆ ಹಾಕಿಕೊಂಡ. "ನಾನು ಕಕ್ಕಸಿಗೆ ಹೋಗಿದ್ದೆ ದೊಡ್ಡಮ್ಮ," ಎಂದು ಹೇಳಿ ನಿಜವಾಗಿಯೂ ಹೋದ.

ಓಣಿಯ ತುಂಬ ಮೇಜುಗಳು, ಮೇಜುಗಳ ತುಂಬ ಜನ. ಇವರು ಒಬ್ಬರ ಹಿಂದೆ ಒಬ್ಬರು ನಡುವೆ ನಡೆದರು. ಗುದ್ದಲಿಯ ಕಾವು ಬಿಳಿ ಬಟ್ಟೆಗಳನ್ನು ಸವರಿತು. ಡಿರ್ಕ್ ಓಡಿ ಬಂದ. "ಇದು ಖಾಸಗಿ ಜಾಗ! ಪೋಲೀಸ್ ಕರೀತೀನಿ!"

"ಕರೀರಿ," ಎಂದಳು ಲೆಟೀಶಾ. "ಕಾನೂನು ಅವರಿಗೂ ಓದಿ ಹೇಳ್ತೀನಿ."

"ನಾಯಿ ಬಿಡ್ತೀನಿ!"

"ಬಿಡಿ," ಎಂದಳು ಮಿಯೆಟಾ, ಮೇಜುಗಳ ಕಡೆ ಕೈ ಬೀಸಿ. "ಇಷ್ಟೊಂದು ಕಾಲಿವೆ. ಅವಕ್ಕೆ ಯಾವ್ದು ಇಷ್ಟ ಆಗುತ್ತೋ ನೋಡೋಣ."

ಡಿರ್ಕ್ ಸುತ್ತ ನೋಡಿದ. ತೊಡೆಯ ಮೇಲೆ ಹರಡಿದ ಕರವಸ್ತ್ರಗಳು, ಎತ್ತಿ ಹಿಡಿದ ಫೋರ್ಕುಗಳು. ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಎರಡು ಬೀಗ ಹಾಕಿದ್ದ ಗೇಟನ್ನು ಆಬ್ರಾಮ್ ಬೀಗದ ಕಡೆಯಿಂದ ಮುಟ್ಟಲೇ ಇಲ್ಲ. ಭುಜ ಕೊಟ್ಟು ಕೀಲಿನಿಂದಲೇ ಎತ್ತಿ ಪಕ್ಕಕ್ಕೆ ಇಟ್ಟ. ಆಮೇಲೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೇನೋ ಎಂದು ತಿರುಗಿ ನೋಡಿದ. ಎಲ್ಲರೂ ತಟ್ಟಿದರು.

ಗೋರಿಗಳು ಕಾಣಿಸಲಿಲ್ಲ. ಅವುಗಳ ಮೇಲೆ ಖಾಲಿ ಬಾಟಲಿಗಳ ರಾಶಿ. ವರ್ಷಗಟ್ಟಲೆ ರೆಸ್ಟೋರೆಂಟಿನವರು ಬಾಟಲಿಗಳನ್ನು ಅಲ್ಲಿಯೇ ಸುರಿದಿದ್ದರು. ಇಸಾಕ್‌ನ ಎದೆಯ ಮೇಲೆ, ಅವಳ ಅಮ್ಮನ ಮುಖದ ಮೇಲೆ ಹಸಿರು ಗಾಜು. ಸತ್ತ ಮೇಲೂ ಸೋನ್‌ಡಾಲ್ ಇವರಿಗೆ ಕುಡಿಸುವುದನ್ನು ಬಿಟ್ಟಿರಲಿಲ್ಲ. ಸಬೀನಾ ಅಳಲಿಲ್ಲ. ಮಂಡಿಯೂರಿ ಮೊದಲ ಬಾಟಲಿ ಎತ್ತಿದಳು. ಬಿಸಿಲಿನಲ್ಲಿ ಎಲ್ಲರೂ ಬಗ್ಗಿದರು. ಕೈಗಳು ಕೊಯ್ದುಹೋದವು. ಹೊತ್ತಿಳಿಯುವವರೆಗೂ ಒಂದು ಮೂಲೆಯಷ್ಟೇ ಹಸನಾಯಿತು. ಅಲ್ಲಿ ಇಸಾಕ್ ಸಿಗಲಿಲ್ಲ. ಯಾರದೋ ಮಗುವಿನ ಗೋರಿ ಸಿಕ್ಕಿತು. ಅದಕ್ಕೇ ಹೂವಿಟ್ಟರು.

ಬಾಟಲಿಗಳನ್ನು ಬಕೆಟ್ಟು, ಏಪ್ರನ್ನು, ಹ್ಯಾಟುಗಳಲ್ಲಿ ತುಂಬಿಕೊಂಡು ಅದೇ ಓಣಿಯಲ್ಲಿ ವಾಪಸು ಹೊರಟರು. ಗಾಜು ಗಾಜಿಗೆ ತಾಗಿ ಸದ್ದಾಗುತ್ತಿತ್ತು. ಊಟ ಮುಗಿಸಿ ಹರಟುತ್ತ ಕೂತವರು ಇನ್ನೂ ಇದ್ದರು. ದೊಡ್ಡ ಹುಲ್ಲಿನ ಟೋಪಿಯ ಹೆಂಗಸೊಬ್ಬಳು ಫೋನು ಎತ್ತಿ ಹಿಡಿದು, ಇದೂ ಇಲ್ಲಿನ ಕಾರ್ಯಕ್ರಮದಲ್ಲಿ ಸೇರಿದೆಯೇ ಎಂದು ಕೇಳಿದಳು. ಲೆಟೀಶಾ ಅದನ್ನು ಸಬೀನಾಳಿಗೆ ಹೇಳಿದಳು.

"ಹೌದು ಅನ್ನು," ಎಂದಳು ಸಬೀನಾ. "ಪ್ರತಿ ಭಾನುವಾರ ಇರುತ್ತೆ ಅನ್ನು. ಕುರ್ಚಿ ಒಂಚೂರು ಆ ಕಡೆ ಎಳ್ಕೊಳೋಕೆ ಹೇಳು. ನಮ್ಮ ದಾರಿಗೆ ಅಡ್ಡ ಕೂತವ್ಳೆ."